ಬ್ರೇಕ್ ಮೇಡಂ ಕೀಲಿ ಕೊಟ್ಟದ್ದು

ನನ್ನ ತಂಗಿಗೆ ಡ್ರೈವಿಂಗ್ ಶಾಲೆಯಲ್ಲಿ ಇಟ್ಟ ಹೆಸರು ಬ್ರೇಕ್ ಮೇಡಂ. ಕಲಿಯುವವರು ಸ್ಟೀರಿಂಗ್ ಹಿಡಿದರೆ ಇವಳು ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಅಲ್ಲಿಯೂ ಕಾಲಡಿ ಒಂದು ಬ್ರೇಕ್ ಇರುತ್ತದೆ. ಊರಿನ ಡಾಕ್ಟರು, ವಕೀಲರು ಎಷ್ಟೋ ಮಂದಿ ಇವಳ ಬೈಗುಳ ತಿಂದೇ ಲೈಸೆನ್ಸ್ ಪಡೆದವರು. “ಕನ್ನಡಿ ಇರೋದು ಹಿಂದಿನ ಗಾಡಿ ನೋಡೋಕೆ ಕಣ್ರೀ, ನಿಮ್ಮ ಮುಖ ನೋಡ್ಕೊಳ್ಳೋಕಲ್ಲ” ಎಂದು ಗದರಿದರೆ ಎಂಥ ದೊಡ್ಡ ಮನುಷ್ಯನೂ ಬಾಲ ಮುದುರಿಕೊಳ್ಳುತ್ತಾನೆ.

ಇಂಥವಳು ಹೋಗಿ ಹೋಗಿ ಒಂದು ಟೀವಿ ಕಾರ್ಯಕ್ರಮದ ಮುಂದೆ ಬಾಯಿ ಬಿಟ್ಟುಕೊಂಡು ಕೂತಳು. ಒಂದು ಬಂಗಲೆ, ಅದರ ತುಂಬ ಹುಡುಗಿಯರು, ಅವರೆಲ್ಲ ಯಾರಿಗಾಗಿ ಕಿತ್ತಾಡಬೇಕೋ ಆ ಒಬ್ಬ ಗಂಡು. ಅಂಗಿಯ ಗುಂಡಿ ಹಾಕಿಕೊಳ್ಳದೆ ತಿರುಗುವುದೊಂದೇ ಅವನ ಯೋಗ್ಯತೆ. ಹುಡುಗಿಯರಿಗೆ ಬುದ್ಧಿ ಹೇಳಲು ಒಬ್ಬಳು ಗುರುಮಾತೆ. ರೆಪ್ಪೆಗೆ ಪೊರಕೆಯಂಥ ಕೂದಲು ಅಂಟಿಸಿಕೊಂಡವಳು. “ಗಂಡಸು ತಪ್ಪು ಮಾಡಿದ್ರೆ ತಿದ್ದಬೇಡಿ. ಗೊತ್ತಿದ್ರೂ ಗೊತ್ತಿಲ್ಲ ಅನ್ನಿ. ಅವನನ್ನ ಮುಂದೆ ಬಿಡಿ, ನೀವು ನಗ್ತಾ ಇರಿ” ಎನ್ನುತ್ತಾಳೆ. ಈಕೆಯ ಮೂರು ಮದುವೆ ಮುರಿದಿವೆ, ಅದನ್ನು ಅನುಭವ ಎಂದು ಹೇಳಿಕೊಳ್ಳುತ್ತಾಳೆ. ನಾನು ಹೊಲಿಗೆ ಯಂತ್ರ ತುಳಿಯುತ್ತ ಹಲ್ಲು ಕಡಿಯುತ್ತಿದ್ದೆ.

“ಇದನ್ನೆಲ್ಲ ನಂಬ್ತೀಯೇನೇ?” ಎಂದು ಒಂದು ದಿನ ಕೇಳಿಯೇಬಿಟ್ಟೆ.

“ನನ್ನ ಬಾಯಿಯಿಂದ್ಲೇ ಎರಡು ಸಂಬಂಧ ಹೋಯ್ತಲ್ಲಕ್ಕ. ಇದೊಂದಾದ್ರೂ ಉಳೀಲಿ.”

ಉಳಿಯಬೇಕಾದದ್ದು ಟೈಲ್ಸ್ ಅಂಗಡಿಯವನ ಸಂಬಂಧ. ಅವನೆಂದರೆ ಅವಳಿಗೆ ಜೀವ. ಅವನ ಫೋನ್ ಬಂದರೆ ಸಾಕು, ಎದ್ದು ನಿಂತು ತಲೆ ಸರಿಮಾಡಿಕೊಂಡು ಮಾತಾಡುತ್ತಿದ್ದಳು. ಮೂವತ್ತಾರು ತುಂಬಿದ ತಂಗಿಯ ಮುಖದಲ್ಲಿ ಆ ಕಳೆ ಕಂಡು ನಾನೂ ತುಟಿ ಹೊಲಿದುಕೊಂಡೆ.

ಅವಳಿಗೋ ಗುರುಮಾತೆಯ ಪಾಠವೇ ಪಾಠ. ಅವನ ಜೊತೆ ಹೋಟೆಲಿನಲ್ಲಿ ಕೋಳಿಯಂತೆ ಎರಡು ಅಗುಳು ಹೆಕ್ಕಿ, ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಳು. ಇಂಜಿನ್ ಆಯಿಲ್ ಯಾಕೆ ಬದಲಿಸಬೇಕು ಎಂದು ಅವನನ್ನು ಕೇಳಿದಳಂತೆ. ಆ ಮಹಾಶಯ ಊಟ ಮುಗಿಯುವವರೆಗೂ ತಪ್ಪುತಪ್ಪಾಗಿ ವಿವರಿಸಿದನಂತೆ, ಇವಳು “ಹೌದಾ?” “ಹೌದಾ?” ಎಂದು ಕಣ್ಣರಳಿಸಿದಳಂತೆ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ಕಳೆದ ಭಾನುವಾರ ಅವನ ಗಾಡಿ ಗ್ಯಾರೇಜಿನಲ್ಲಿತ್ತು. ಇವಳು ಡ್ರೈವಿಂಗ್ ಶಾಲೆಯ ಕಾರು ಕೇಳಿ ತಂದಳು. ತಂದವಳು ತಾನೇ ಓಡಿಸಬಾರದೇ? ಇಳಿದು ಬಂದು ಕೀಲಿ ಅವನ ಕೈಗಿಟ್ಟಳು.

“ನೀವೇ ಓಡಿಸಿ. ಈ ಟ್ರಾಫಿಕ್ ಅಂದ್ರೆ ನಂಗೆ ಭಯ.”

ಕಿಟಕಿಯಲ್ಲಿ ನಿಂತಿದ್ದ ನಾನು ಹಣೆ ಚಚ್ಚಿಕೊಂಡೆ. ಅವನು ಉಬ್ಬಿಹೋಗಿ ಮೊದಲ ಗೇರಿನಲ್ಲೇ ಕಾರನ್ನು ಎರಡು ಸಲ ಜಗ್ಗಿಸಿಕೊಂಡು ಹೊರಟ. ಇವಳು ನಗುತ್ತಲೇ ಇದ್ದಳು.

ಹೋದಷ್ಟೇ ಬೇಗ ಒಬ್ಬಳೇ ವಾಪಸು ಬಂದಳು. ಮುಖ ಬಿಳಿಚಿಕೊಂಡಿತ್ತು. ನೀರು ಕುಡಿಸಿ ಕೇಳಿದ ಮೇಲೆ ಅಳುತ್ತಲೇ ಹೇಳಿದಳು. ಪಾರ್ಕಿನ ಮುಂದಿನ ಜೀಬ್ರಾ ಪಟ್ಟೆಯ ಮೇಲೆ ಒಂದು ಪುಟ್ಟ ಹುಡುಗಿ ದಾಟುತ್ತಿದ್ದಳು. ಇವನು ಫೋನ್ ನೋಡುತ್ತಿದ್ದ. ತಂಗಿ ತನ್ನ ಕಾಲಡಿಯ ಬ್ರೇಕ್ ಒತ್ತಿದಳು. ಬಂಪರ್ ಮಗುವಿನ ಫ್ರಾಕಿಗೆ ತಾಗಿ ಕಾರು ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಜನ ಸೇರಿದರು, ಬೈದರು. ಆಸಾಮಿಗೆ ಆಗಲೂ ಚಿಂತೆ ಮಗುವಿನದಲ್ಲ.

“ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ತೆಗೆದ್ರಿ. ಮದುವೆ ಆದ್ಮೇಲೂ ಹೀಗೇನಾ?” ಎಂದವನೇ ಇಳಿದು ನಡೆದನಂತೆ.

“ಪೀಡೆ ತೊಲಗ್ತು ಅಂದ್ಕೋ,” ಎಂದೆ. “ಅಂಥ ದಂಡಪಿಂಡಕ್ಕೆಲ್ಲ ಕಣ್ಣೀರು ಹಾಕ್ತಾರೇನೇ?”

“ಅವರಿಗಲ್ಲಕ್ಕ ನಾನು ಅಳ್ತಿರೋದು.”

ಬ್ರೇಕ್ ಒತ್ತಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಆ ಮಗು ನಂಗೆ ದೂರದಿಂದ್ಲೇ ಕಂಡಿತ್ತು. ಕಾಲೂ ಬ್ರೇಕ್ ಮೇಲೇ ಇತ್ತು. ಒತ್ತಿದ್ರೆ ಅವರಿಗೆ ಬೇಜಾರಾಗುತ್ತೇನೋ ಅಂತ ಕಾಯ್ತಾ ಕೂತಿದ್ದೆ.”