ಕಾಲುವೆಯಾಚೆಯ ಏಳು ಹೆಸರು

ನಂಜುಂಡಪ್ಪ ಮೇಷ್ಟ್ರು ಶಾಲೆಯ ಜಗಲಿಯುದ್ದಕ್ಕೂ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು. ಅದರಲ್ಲಿ ಬಟ್ಟೆ ಇರುತ್ತಿರಲಿಲ್ಲ. ಹಳೇ ಕ್ಯಾಲೆಂಡರು ಕತ್ತರಿಸಿ, ಹಿಂಬದಿಯಲ್ಲಿ ಶಾಲೆಗೆ ಆಗಬೇಕಾದ ಒಂದೊಂದು ಕೆಲಸ ಬರೆದು, ಕ್ಲಿಪ್ಪು ಹಾಕಿ ನೇತುಬಿಟ್ಟಿದ್ದರು. ಸೋರುವ ಹೆಂಚು, ಕಾಂಪೌಂಡು, ಕಮಾನು, ಅಡುಗೆಕೋಣೆಗೆ ಹೊಗೆಕಿಂಡಿ. ಸಂಜೆ ಗಾಳಿಗೆ ಆ ಚೀಟಿಗಳು ಹಾರಲು ಹೊರಟ ಹಕ್ಕಿಗಳಂತೆ ಅಲುಗುತ್ತಿದ್ದವು. ಮೇಷ್ಟ್ರು ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಸರಿಸುತ್ತ ಹೊತ್ತು ಮುಳುಗುವವರೆಗೂ ಅಲ್ಲೇ ನಿಂತುಬಿಡುತ್ತಿದ್ದರು.

ಮಕ್ಕಳೇ, ನಿಮ್ಮ ತಾತ ಹೋದಮೇಲೆ ನಾನು ಮಲ್ಲಿಪಟ್ಟಣದ ಹತ್ತಿರದ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದೆ. ಗಂಡಸರೆದುರು ನನಗೆ ಮಾತೇ ಹೊರಡುತ್ತಿರಲಿಲ್ಲ. ಒಂದು ಬೇಸಿಗೆ, ಕಾಲುವೆ ಒಣಗಿದ್ದಾಗ, ಈ ಮೇಷ್ಟ್ರು ವರ್ಗವಾಗಿ ಬಂದರು. ಅಡುಗೆಕೋಣೆಯ ಬಾಗಿಲಲ್ಲಿ ನಿಂತು, "ಜಯಮ್ಮನೋರೆ, ಸಾರು ಚೆಂದಾಗೈತೆ. ನಿಮ್ ಕಣ್ಣು ನೋಡಿದ್ರೆ ಉಣ್ಣಕ್ಕೇ ಮನ್ಸಾಗಲ್ಲ ಕಣ್ರೀ" ಎಂದಿದ್ದರು. ಹೊಗೆಗೆ ನನ್ನ ಕಣ್ಣು ಸದಾ ಕೆಂಪು. ಮರುದಿನ ಹೊಗೆಕಿಂಡಿಯ ಚೀಟಿ ಎಲ್ಲಕ್ಕಿಂತ ಮುಂದಿತ್ತು.

ಒಂದೇ ಕೆಲಸಕ್ಕಾಗುವಷ್ಟು ದುಡ್ಡು ಬಂತು. ಶಾಲೆಯ ಸಮಿತಿಯ ಸಭೆ ಸೇರಿತು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಕಮಾನು ಮೊದ್ಲಾಗ್ಲಿ ಮೇಷ್ಟ್ರೇ," ಅಂದರು ಅಧ್ಯಕ್ಷ ಪುಟ್ಟೇಗೌಡರು. "ರೋಡಿಂದ ನೋಡಿದ್ರೆ ಇಸ್ಕೂಲು ಅಂತ ಗೊತ್ತಾಗ್ಬ್ಯಾಡ್ವಾ?"

"ಕಮಾನಿಲ್ದೆ ಯಾರಿಗೆ ಕಷ್ಟ ಗೌಡ್ರೇ? ಹೆಸ್ರು ಹೇಳಿ, ಚೀಟೀಲಿ ಬರ್ಕೋತೀನಿ." ಎಲ್ಲ ಕೆಲಸಕ್ಕೂ ಮೇಷ್ಟ್ರು ಕೇಳುತ್ತಿದ್ದುದು ಅದೊಂದೇ.

"ಗೌಡ್ರ ಹೆಸ್ರೇ ಬರೀರಿ ಸಾ, ಎಂಗೂ ಕಮಾನಿನ ಮ್ಯಾಲೆ ಅದೇ ಬತ್ತದೆ!" ಎಂದು ಯಾರೋ ಅಂದರು. ಗೌಡರೂ ನಕ್ಕರು.

"ಹಂಗಾದ್ರೆ ಹೊಗೆಕಿಂಡಿ. ಜಯಮ್ಮನೋರ ಹೆಸ್ರು ಬರ್ದಿದ್ದೀನಿ," ಎಂದು ಮೇಷ್ಟ್ರು ನನ್ನ ಕಡೆ ನೋಡಿದರು.

ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ಬಾಯಿಂದ ಬೇರೆಯೇ ಮಾತು ಬಂತು.

"ಸಾ, ಕಾಲುವೆಗೆ ನೀರ್ ಬಿಟ್ಟಾಗ ನಾನು ಅಕ್ಕಿ ಕಮ್ಮಿ ಆಕ್ತೀನಿ."

"ಯಾಕೆ?"

"ಆಚೆ ಕಡೆ ಮಕ್ಳು ಬರಲ್ಲ. ದಾಟಕ್ಕಿರೋದು ಎಲ್ಡು ತೆಂಗಿನ ದಿಮ್ಮಿ. ನೀರ್ ನೋಡಿ ಎದ್ರುಕೋತವೆ."

ಮೂರು ವರ್ಷ ಅಕ್ಕಿ ಕಡಿಮೆ ಮಾಡಿದ್ದೆ. ಆ ಮಕ್ಕಳು ಅವತ್ತು ಏನು ಮಾಡುತ್ತವೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಅದೆಂಗಮ್ಮಣ್ಣಿ ಇಸ್ಕೂಲ್ ಕೆಲ್ಸ ಆಯ್ತದೆ? ಕಾಂಪೌಂಡಿಂದ ಅಷ್ಟು ದೂರ ಐತೆ!" ಅಂದರು ಗೌಡರು.

ಮೇಷ್ಟ್ರು ಖಾಲಿ ಚೀಟಿ ತೆಗೆದು ಪೆನ್ಸಿಲ್ ಹಿಡಿದರು. "ಹೆಸ್ರು ಹೇಳಿ."

ಹೇಳಿದೆ. ಏಳು ಹೆಸರು. ಅಷ್ಟು ಜನರೆದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಗೌಡರು ಬೆರಳು ಮಡಿಸುತ್ತ ಕೇಳಿದರು. ಕೊನೆಗೆ, "ಕಬ್ಬಿಣದ ಸೇತುವೇನೇ ಆಕ್ಸನ ಕಣ್ರೀ. ಹಿಡ್ಕೊಳ್ಳಕ್ಕೆ ಕಂಬೀನೂ ಇರ್ಲಿ" ಅಂದರು.

ನೀರು ಬಿಟ್ಟ ದಿನ, ಮಂಜಿನೊಳಗಿಂದ ಏಳು ಮಕ್ಕಳು ಸಾಲಾಗಿ ಬಂದವು, ನೀರಿನ ಮೇಲೇ ನಡೆದು ಬಂದಂತೆ. ನಾನು ಮಾತ್ರ ಅಭ್ಯಾಸಬಲದಿಂದ ಅಕ್ಕಿ ಕಡಿಮೆ ಹಾಕಿಬಿಟ್ಟಿದ್ದೆ. ಅನ್ನ ಸಾಲಲಿಲ್ಲ. ಮೇಷ್ಟ್ರು ತಮ್ಮ ತಟ್ಟೆ ಕವುಚಿಟ್ಟು, "ಇವತ್ತು ನಂಗೆ ಹಸಿವೇ ಇಲ್ಲ ಕಣ್ರೀ" ಎಂದು ನಕ್ಕರು. ಹೊಗೆಕಿಂಡಿ ಮರುವರ್ಷ ಆಯಿತು.

ಆಮೇಲೆ ಅವರಿಗೆ ಹೊಳೆನರಸೀಪುರದ ಕಡೆ ವರ್ಗವಾಯಿತು. ಹೊರಟ ಸಂಜೆ ಕಾಲುವೆಯ ಸೇತುವೆಯವರೆಗೆ ಹೋಗಿದ್ದೆ. "ನೀವು ಇದನ್ನ ದಾಟಿದ್ದೀರಾ?" ಎಂದು ಕೇಳಿದರು.

"ಇಲ್ಲ ಸಾ. ತಲೆ ತಿರುಗ್ತದೆ."

"ನೀರ್ ನೋಡ್ಬ್ಯಾಡಿ. ಆಚೆ ನಿಂತಿರೋರನ್ನ ನೋಡ್ಕೊಂಡು ಬನ್ನಿ."

ಅವರು ದಾಟಿ, ಆಚೆ ದಡದಲ್ಲಿ ಸ್ವಲ್ಪ ಹೊತ್ತು ಕಾದರು. ನಾನು ಹೆಜ್ಜೆ ಇಡಲಿಲ್ಲ. ಅವರು ಕೈಯೆತ್ತಿ, ಗದ್ದೆಯ ಬದುವಿನ ಮೇಲೆ ನಡೆದು ಚಿಕ್ಕದಾಗುತ್ತಾ ಹೋದರು.

ಹೋದ ವರ್ಷ, ಹಾಸನದಲ್ಲಿ ಅವರು ತೀರಿಕೊಂಡರೆಂದು ಸುದ್ದಿ ಬಂತು. ಮರುದಿನ ಬೆಳಿಗ್ಗೆ ಕಂಬಿ ಹಿಡಿದು ನಾನೊಬ್ಬಳೇ ದಾಟಿದೆ. ಆಚೆ ದಡದಲ್ಲಿ ಯಾರೂ ಇರಲಿಲ್ಲ. ಆದರೂ ಅತ್ತಲೇ ನೋಡುತ್ತ ಹೋದೆ.