ಹಾಲಮ್ಮ ಚಾಚಿದ ಕೈ

ಕೈಗುಣ ಎಂಬ ಮಾತು ಕೇಳಿದರೆ ಮೊದಲೆಲ್ಲ ನನಗೆ ಮೈ ಉರಿಯುತ್ತಿತ್ತು. ಕಷ್ಟಪಟ್ಟು ಓದಿ ಡಾಕ್ಟರ್ ಆದವಳು ನಾನು. "ನಿಮ್ಮ ಕೈಗುಣ ಚಲೋ ಐತ್ರಿ ಡಾಕ್ಟ್ರಮ್ಮಾ" ಎಂದು ಯಾರಾದರೂ ಹೊಗಳಿದರೆ, "ಗುಣ ಮಾತ್ರೆಯದು, ಹೊತ್ತಿಗೆ ಸರಿಯಾಗಿ ನುಂಗ್ರಿ" ಎಂದು ಗದರುತ್ತಿದ್ದೆ. ಆದರೆ ನನ್ನ ಬೆರಳುಗಳ ಬಗ್ಗೆ ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ. ಮೂರು ಬೆರಳು ಮಣಿಕಟ್ಟಿನ ಮೇಲಿಟ್ಟರೆ ಇಸಿಜಿ ಹೇಳುವುದರಲ್ಲಿ ಅರ್ಧ ನಾನೇ ಹೇಳುತ್ತಿದ್ದೆ. ಅದು ಕಲಿತ ವಿದ್ಯೆ, ಪವಾಡವಲ್ಲ.

ಕೆಲವು ವರ್ಷಗಳ ಹಿಂದೆ ನನಗೆ ಸ್ತನದ ಕ್ಯಾನ್ಸರ್ ಬಂತು. ಗೆಡ್ಡೆ ತೆಗೆದರು, ಕೀಮೋ ಕೊಟ್ಟರು, ಜೀವ ಉಳಿಯಿತು. ಆದರೆ ಕೀಮೋದಿಂದ ಬೆರಳ ತುದಿಗಳು ಜೋಮು ಹಿಡಿದು, ಆಮೇಲೆ ಸ್ಪರ್ಶವೇ ಹೋಯಿತು. ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದೆ. "ಏ, ರಕ್ತ ನೋಡೇ!" ಎಂದು ಯಜಮಾನರು ಕೂಗಿದಾಗಲೇ ಪಿನ್ನು ಬೆರಳಿಗೆ ಇಳಿದಿರುವುದು ಗೊತ್ತಾಯಿತು. ಅವತ್ತಿನಿಂದ ಪಿನ್ನು ಹಾಕುವ ಕೆಲಸ ಅವರದು. ನಾಡಿಯೇ ಸಿಗದ ಮೇಲೆ ನಾನು ಯಾತರ ಡಾಕ್ಟರ್? ಉಳಿದ ಜೀವ ಯಾವ ಕೆಲಸಕ್ಕೆ? ಕೊನೆಗೆ, ಪ್ರತಿ ಭಾನುವಾರ ಹೋಗುತ್ತಿದ್ದ ಭಾನುವಳ್ಳಿಯ ಕ್ಲಿನಿಕ್ ಮುಚ್ಚಿ, ಆ ಕಟ್ಟಡದ ಮಾಲೀಕರಿಗೆ ಬೀಗದ ಕೈ ಕೊಟ್ಟುಬರೋಣವೆಂದು ಹೊರಟೆ.

ಮಧ್ಯಾಹ್ನ ಹನ್ನೆರಡರ ಹೊತ್ತು. ಜೊತೆಗೆ ಬಂದಿದ್ದ ಯಜಮಾನರು ಕ್ಲಿನಿಕ್ಕಿನಲ್ಲಿ ಉಳಿದ ಮಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಅಷ್ಟರಲ್ಲಿ ಹಾಲಮ್ಮ ಬಂದಳು. ಕಾಲುವೆ ಪಕ್ಕ ಗದ್ದೆ ಮಾಡುವ ಹೆಂಗಸು, ನನ್ನದೇ ವಾರಿಗೆಯವಳು, ಮೊದಲಿನಿಂದಲೂ ನನ್ನ ಹತ್ತಿರವೇ ತೋರಿಸಿಕೊಳ್ಳುವವಳು.

"ನಂಗೇನೂ ಆಗಿಲ್ರಿ. ನಿಮಗೆ ಹುಷಾರಿಲ್ಲ ಅಂದ್ರು, ನೋಡ್ಕಂಡು ಹೋಗಾನ ಅಂತ ಬಂದೆ," ಎಂದು ಕೂತಳು. ಕೂತವಳೇ ಅಭ್ಯಾಸಬಲದಿಂದ ಕೈ ಚಾಚಿದಳು. ಆ ಊರಿನ ರೂಢಿ ಅದು. ಏನಾಗಿದೆ ಎಂದು ಯಾರೂ ಮೊದಲು ಹೇಳುವುದಿಲ್ಲ. ಕೈ ಚಾಚುತ್ತಾರೆ, ಡಾಕ್ಟರೇ ಹೇಳಬೇಕು.

"ನನ್ನ ಬೆರಳಿಗೆ ಈಗ ಏನೂ ತಿಳಿಯಲ್ಲ ಹಾಲಮ್ಮ," ಎಂದೆ. ರೋಗಿಯೊಬ್ಬಳ ಮುಂದೆ ಹಾಗೆ ಒಪ್ಪಿಕೊಂಡದ್ದು ಅದೇ ಮೊದಲು.

"ಇರ್ಲಿ ಬಿಡ್ರಿ, ಹಿಡೀರಿ ಸುಮ್ನೆ."

ಹಿಡಿದೆ. ಮೊದಲು ಏನೂ ಇಲ್ಲ. ಅವಳ ಕೈ ಬಿಸಿಯೋ ತಣ್ಣಗೋ ಅದೂ ತಿಳಿಯಲಿಲ್ಲ. ಆಮೇಲೆ ನಾಡಿ ಸಿಕ್ಕಿತು. ಮೂರೂ ಬೆರಳಿಗೆ, ಹಿಂದೆಂದಿಗಿಂತ ಸ್ಪಷ್ಟವಾಗಿ. ಎರಡು ಬಡಿತ ಬೇಗ ಬೇಗ, ಒಂದು ತಡ, ಮತ್ತೆ ಮೂರು ಒಟ್ಟಿಗೆ, ಯಾವ ಲಯಕ್ಕೂ ಸಿಗದ ಹಾಗೆ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿದೆ. ಅನುಮಾನವಾಗಿ ಬೆರಳೆತ್ತಿ ಮತ್ತೆ ಇಟ್ಟೆ. ಅದೇ.

"ರೀ, ಕಾರು ತೆಗೀರಿ, ಹರಿಹರಕ್ಕೆ ಹೋಗೋಣ," ಎಂದೆ. "ಯಾಕ್ರಿ, ಬ್ಯಾಡ" ಎಂದು ಹಾಲಮ್ಮ ರಗಳೆ ತೆಗೆದಳು, ನಾನು ಬಿಡಲಿಲ್ಲ. ಹರಿಹರದ ನರ್ಸಿಂಗ್ ಹೋಮೊಂದರಲ್ಲಿ ಇಸಿಜಿ ಮಾಡಿಸಿದೆ. ಕಾಗದದ ಮೇಲೆ ಮೂಡಿದ್ದು ನಾನು ಎಣಿಸಿದ್ದ ಆ ಅಡ್ಡಾದಿಡ್ಡಿ ಬಡಿತವೇ. ಹಾಗೇ ಬಿಟ್ಟಿದ್ದರೆ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದಿತ್ತು ಎಂದ ಅಲ್ಲಿನ ಎಳೆಯ ಡಾಕ್ಟರ್, "ಹೆಂಗೆ ಗೊತ್ತಾಯ್ತು ಮೇಡಂ?" ಎಂದು ಕೇಳಿದ.

"ನಾಡಿ ಹಿಡಿದೆ," ಎಂದೆ. ಅಷ್ಟು ಹೆಮ್ಮೆಯಿಂದ ನಾನು ಬೇರೆ ಯಾವ ಮಾತನ್ನೂ ಆಡಿದ ನೆನಪಿಲ್ಲ.

ಹೊರಗೆ ಬಂದು ಯಜಮಾನರ ಕೈ ಹಿಡಿದು ನೋಡಿದೆ. ಏನೂ ಸಿಗಲಿಲ್ಲ. ನನ್ನದೂ ಸಿಗಲಿಲ್ಲ. ಮರುವಾರ ನರಗಳ ಪರೀಕ್ಷೆ ಮಾಡಿಸಿದೆ. ಬೆರಳುಗಳು ಒಂದಿಷ್ಟೂ ಸುಧಾರಿಸಿಲ್ಲ ಎಂದರು. ಹಾಲಮ್ಮನ ಉಸಿರಾಟ ನೋಡಿ ನಾನೇ ಊಹಿಸಿರಬಹುದೇ? ಇರಬಹುದು, ನೀವೂ ಹಾಗೇ ಹೇಳುತ್ತೀರಿ. ಆದರೆ ಊಹೆ ಬೆರಳ ಕೆಳಗೆ ಮಿಡಿಯುವುದಿಲ್ಲವಲ್ಲ. ನನಗೆ ಮಿಡಿದಿತ್ತು.

ಬೀಗದ ಕೈ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಚಿಕ್ಕದೊಂದು ಇಸಿಜಿ ಮಷೀನು ಕೊಂಡಿದ್ದೇನೆ. ಉಳಿದ ಜೀವ ಯಾತಕ್ಕೆಂದು ಕೇಳಿಕೊಳ್ಳಲು ಭಾನುವಾರ ಪುರುಸೊತ್ತಿರುವುದಿಲ್ಲ. ಕೈಗುಣದ ಮಾತು ತೆಗೆದರೆ ಈಗ ಗದರುವುದಿಲ್ಲ, ಒಪ್ಪುವುದೂ ಇಲ್ಲ. ನಾಡಿ ಮತ್ತೆಂದೂ ಸಿಕ್ಕಿಲ್ಲ. ಆದರೂ ಮಷೀನು ಹಚ್ಚುವ ಮೊದಲು, ಚಾಚಿದ ಪ್ರತಿಯೊಂದು ಕೈಯನ್ನೂ ಪೂರ್ತಿ ಒಂದು ನಿಮಿಷ ಹಿಡಿದು ಕೂರುತ್ತೇನೆ.