ಎಪ್ಪತ್ತೊಂಬತ್ತನೇ ಖಾನೆ

ನಮ್ಮ ಕೆಮಿಸ್ಟ್ರಿ ಮೇಷ್ಟ್ರಿಗೆ ಎರಡು ಚಟಗಳಿದ್ದವು. ಒಂದು ನಶ್ಯ, ಇನ್ನೊಂದು ಮೂಲವಸ್ತುಗಳ ಪಟ್ಟಿ. ಮೂಗಿಗೆ ನಶ್ಯ ಏರಿಸಿದಾಗಲೆಲ್ಲ ಯಾರನ್ನಾದರೂ ಎಬ್ಬಿಸಿ "ಸೋಡಿಯಂ?" ಎನ್ನುತ್ತಿದ್ದರು. ಪರಮಾಣು ಸಂಖ್ಯೆ ಹನ್ನೊಂದು, ತೂಕ ಇಪ್ಪತ್ತಮೂರು ಎಂದು ಒಂದೇ ಉಸಿರಿಗೆ ಒಪ್ಪಿಸಬೇಕು, ಇಲ್ಲವೇ ಬೆಂಚಿನ ಮೇಲೆ ನಿಲ್ಲಬೇಕು. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಬೆಂಚಿನ ಮೇಲೆ ನಿಂತರೆ ಒಂದು ಕಾಲಕ್ಕೆ ನಮ್ಮದಾಗಿದ್ದ ರಾಗಿ ಹೊಲ ಕಿಟಕಿಯಿಂದ ಕಾಣುತ್ತಿತ್ತು. ಅಲ್ಲಿ ಯಾರೋ ಇಂಜಿನಿಯರು ಮನೆ ಕಟ್ಟಿಸುತ್ತಿದ್ದರು. ಆ ಮನೆಗೆ ಪಾಯ ತೋಡಿದ್ದರಿಂದ ಹಿಡಿದು ತಾರಸಿ ಹಾಕಿದ್ದರವರೆಗೆ ಎಲ್ಲವನ್ನೂ ನಾನು ಬೆಂಚಿನ ಮೇಲಿಂದಲೇ ನೋಡಿದ್ದೇನೆ.

ಆ ವರ್ಷ ಇನ್‌ಸ್ಪೆಕ್ಟರು ಬರುತ್ತಾರೆಂದು ಸುದ್ದಿಯಾಯಿತು. ನಮ್ಮ ಲ್ಯಾಬ್ ಎಂದರೆ ಒಂದು ಬೀರು, ನಾಲ್ಕು ಗಾಜಿನ ನಳಿಗೆ, ಒಂದು ಬಾಟಲಿ ಆಸಿಡ್ಡು. ಮೇಷ್ಟ್ರು ಬಡಗಿಯಿಂದ ಸಣ್ಣ ಸಣ್ಣ ಖಾನೆಗಳ ದೊಡ್ಡ ಪೆಟ್ಟಿಗೆ ಮಾಡಿಸಿ, ಪ್ರತಿ ಖಾನೆಗೂ ಪರಮಾಣು ಸಂಖ್ಯೆ ಬರೆಸಿ, "ಮನೇಲಿ ಏನೇನಿದೆಯೋ ತಂದು ತುಂಬಿಸ್ರೋ" ಎಂದರು. ಇಪ್ಪತ್ತಾರಕ್ಕೆ ಕಬ್ಬಿಣದ ಮೊಳೆ ಬಂತು, ಆರಕ್ಕೆ ಇದ್ದಿಲು, ಹದಿನಾರಕ್ಕೆ ಗ್ರಂಧಿಗೆ ಅಂಗಡಿಯ ಗಂಧಕ. ಹಳೇ ಟಾರ್ಚ್ ಸೆಲ್ಲು ಬಿಚ್ಚಿ ಸತುವಿನ ತಗಡು ತೆಗೆದವರೂ ಇದ್ದರು. ಅನಿಲಗಳಿಗೆ ಮೇಷ್ಟ್ರು ಖಾಲಿ ಶಾಯಿ ಬಾಟಲಿಗಳನ್ನು ತೊಳೆದು, ಬಿರಡೆ ಹಾಕಿ, ಚೀಟಿ ಅಂಟಿಸಿದರು. ನಮ್ಮ ಶಾಲೆಯ ಹೀಲಿಯಮ್ಮಿಗೂ ಆಕ್ಸಿಜನ್ನಿಗೂ ಆ ಚೀಟಿಯೊಂದೇ ವ್ಯತ್ಯಾಸ. ಯುರೇನಿಯಂ ಖಾನೆಯಲ್ಲಿ "ಸರ್ಕಾರದ ವಶದಲ್ಲಿದೆ" ಎಂದು ಬರೆದಿಟ್ಟರು.

ಎಪ್ಪತ್ತೊಂಬತ್ತು ಮಾತ್ರ ಖಾಲಿ ಉಳಿಯಿತು. ಅದು ಚಿನ್ನ. "ನಮ್ಮಜ್ಜಿ ಕೊಡ್ತಾರೆ ಸಾರ್" ಎಂದುಬಿಟ್ಟೆ ನಾನು.

ಅಜ್ಜಿ ಅಂದರೆ ಅಪ್ಪನ ತಾಯಿ. ಮದುವೆಯಲ್ಲಿ ಬೇಗೂರಿನ ತವರಿನಿಂದ ತಂದ ಗುಂಡಿನ ಸರ ಅವಳ ಕೊರಳಲ್ಲಿತ್ತು, ಅದರ ಜಂಬ ಅವಳ ನಾಲಿಗೆಯಲ್ಲಿತ್ತು. ಅಮ್ಮನಿಗೆ ವಸಂತಪುರದ ತವರಿನವರು ಕೊಟ್ಟದ್ದು ನೂಲಿನಂಥ ಒಂದೆಳೆ ಸರ. "ಗಾಳಿ ಬಂದ್ರೆ ಹಾರೋಯ್ತದೆ ಕಣಮ್ಮ ನಿಂದು" ಎಂದು ಅಜ್ಜಿ ಹಬ್ಬಕ್ಕೊಮ್ಮೆ, ನೆಂಟರೆದುರಿಗೊಮ್ಮೆ, ಏನೂ ಕಾರಣವಿಲ್ಲದಿದ್ದರೆ ಸುಮ್ಮನೊಮ್ಮೆ ಹೇಳುತ್ತಿದ್ದಳು. ಅಮ್ಮ ಖಾರವನ್ನು ಇನ್ನಷ್ಟು ಜೋರಾಗಿ ಅರೆಯುತ್ತಿದ್ದಳು. ಒಂದೇ ಒಂದು ಸಲ ಅಮ್ಮ ತಿರುಗಿ ಮಾತಾಡಲಿ ಎಂದು ನಾನು ಕಾಯುತ್ತಲೇ ಬೆಳೆದೆ.

ಚಿನ್ನ ಬೇಕೆಂದ ತಕ್ಷಣ ಅಜ್ಜಿ ತಾನೇ ದಾರ ಬಿಚ್ಚಿ ಒಂದು ಗುಂಡು ತೆಗೆದಳು. "ಬೇಗೂರ್ ಚಿನ್ನ ಅಂದ್ರೆ ಏನೂಂತ ತೋರ್ಸು ಹೋಗು. ನಿಮ್ಮಮ್ಮಂದು ತಕ್ಕೊಂಡೋದ್ರೆ ನಮ್ ಮಾನ ಹೋಯ್ತದೆ. ಸಂಜೆಗೆ ತಂದು ನನ್ ಕೈಗೆ ಕೊಡ್ಬೇಕು, ಹುಷಾರು!"

ಇನ್‌ಸ್ಪೆಕ್ಟರು ಖಾಲಿ ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಮುಖ ಸಿಂಡರಿಸಿಕೊಂಡೇ ಎಪ್ಪತ್ತೊಂಬತ್ತಕ್ಕೆ ಬಂದರು. "ಇದಾದ್ರೂ ನಿಜವಾದ್ದೇನ್ರೀ?"

ಮೇಷ್ಟ್ರಿಗೆ ಚುರುಕ್ ಎಂದಿತು. "ಟೆಸ್ಟ್ ಮಾಡೇ ತೋರಿಸ್ತೀನಿ ಸಾರ್. ನೈಟ್ರಿಕ್ ಆಸಿಡ್ಡು ತಾಮ್ರ ತಿನ್ನುತ್ತೆ, ಬೆಳ್ಳಿ ತಿನ್ನುತ್ತೆ, ಚಿನ್ನದ ತಂಟೆಗೆ ಮಾತ್ರ ಹೋಗಲ್ಲ" ಎಂದವರೇ ಗುಂಡನ್ನು ನಳಿಗೆಗೆ ಹಾಕಿ ಆಸಿಡ್ ಸುರಿದರು. ಮೊದಲು ಏನೂ ಆಗಲಿಲ್ಲ. ನಾನು ಬೀಗುತ್ತಾ ಸುತ್ತ ನೋಡಿದೆ. ಆಮೇಲೆ ದಾರ ಪೋಣಿಸುವ ತೂತಿನಿಂದ ಗುಳ್ಳೆ ಎದ್ದವು. ಕಂದು ಹೊಗೆ ಬುಸ್ಸೆಂದು ಬಂತು, ಇನ್‌ಸ್ಪೆಕ್ಟರು ಕರ್ಚೀಫು ಮೂಗಿಗೆ ಹಿಡಿದು ಬಾಗಿಲವರೆಗೆ ಹಿಂದಕ್ಕೆ ನಡೆದರು. ಆಸಿಡ್ಡು ಹಸಿರಾಯಿತು. ಮೇಷ್ಟ್ರು ಇನ್‌ಸ್ಪೆಕ್ಟರನ್ನೂ ನನ್ನನ್ನೂ ಮರೆತು ಬೋರ್ಡಿಗೆ ಓಡಿ ಬರೆದರು:

Cu + 4HNO₃ = Cu(NO₃)₂ + 2NO₂ + 2H₂O

"ನೋಡ್ರೋ, ಎಷ್ಟು ಚೆನ್ನಾಗಿ ಬಂತು!"

ಕೊನೆಗೆ ನಳಿಗೆಯಲ್ಲಿ ಉಳಿದದ್ದು ಈರುಳ್ಳಿ ಸಿಪ್ಪೆಯಂಥ ತೆಳು ಚಿನ್ನದ ಪೊರೆ. ಮೇಷ್ಟ್ರು ನೀರು ಬೆರೆಸಿ, ಆಸಿಡ್ಡು ತಿಳಿನೀಲಿಯಾದ ಮೇಲೆ ನಳಿಗೆಗೆ ಬಿರಡೆ ಹಾಕಿ ನನ್ನ ಕೈಗಿತ್ತರು. "ಮನೇಲಿ ಹೇಳಮ್ಮ, ಮೇಲೆ ಲೇಪ ಹಾಕಿರೋದು ಮಾತ್ರ ಅಪ್ಪಟ ಚಿನ್ನ."

ಸಂಜೆ ಜಗುಲಿಯಲ್ಲಿ ಅಜ್ಜಿ ಕೈ ಚಾಚಿದಳು. ನಳಿಗೆ ಇಟ್ಟೆ. ನಡೆದದ್ದನ್ನೆಲ್ಲ ಹೇಳಿದೆ.

"ನಿಮ್ಮೇಷ್ಟ್ರು ಕಳ್ಳ. ಬದ್ಲಾಯಿಸವ್ನೆ" ಎಂದಳು ಅಜ್ಜಿ. ಆದರೆ ಅವಳ ದನಿಯಲ್ಲಿ ಜೋರಿರಲಿಲ್ಲ. ಸರದ ಇನ್ನೊಂದು ಗುಂಡನ್ನು ಉಗುರಿನಿಂದ ಕೆರೆದು ನೋಡಿದಳು.

ಅಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈಗ ಹೇಳು, ಈಗಲಾದರೂ ಹೇಳು ಎಂದು ನನ್ನ ಮನಸ್ಸು ಕಿರುಚುತ್ತಿತ್ತು. ಅಮ್ಮ ಬಾಯಿ ತೆರೆದಳು. "ಅತ್ತೆ, ಕಾಫಿ ಕೊಡ್ಲಾ?"

ನನಗೆ ಅಮ್ಮನ ಮೇಲೆ ಎಂಥಾ ಸಿಟ್ಟು ಬಂತೆಂದರೆ, ಜಗಳ ಮಾಡಲೆಂದೇ ಅಡುಗೆಮನೆಗೆ ನುಗ್ಗಿದೆ. ಅಲ್ಲಿ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವಂತೆ, ಸದ್ದಿಲ್ಲದೆ ನಗುತ್ತಿದ್ದಳು. ನಾನೂ ಸೆರಗಿನ ಇನ್ನೊಂದು ತುದಿ ಹಿಡಿದುಕೊಂಡೆ.

ಕಾಫಿ ಕುಡಿದು ಲೋಟ ಕೆಳಗಿಟ್ಟ ಅಜ್ಜಿ ನನ್ನನ್ನು ಕರೆದಳು. "ಚಿನ್ನದ ನಂಬರ್ ಎಷ್ಟಂದೆ?"

"ಎಪ್ಪತ್ತೊಂಬತ್ತು."

"ತಾಮ್ರದ್ದು?"

"ಇಪ್ಪತ್ತೊಂಬತ್ತು."

ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಐವತ್ತು ತಾನೇ ಕಮ್ಮಿ! ಹೆಣ್ಮಕ್ಳೇ ತುಂಬಿದ್ದ ಮನೆ. ನಮ್ಮಪ್ಪ ಪಾಪ ಅಷ್ಟಾದ್ರೂ ಹೊಂದಿಸ್ದ." ಸೆರಗಿನಿಂದ ಮೂಗು ಒರೆಸಿಕೊಂಡಳು. ನಮ್ಮ ನಗು ಅಲ್ಲಿಗೆ ಇಳಿದುಹೋಯಿತು.

ಆಮೇಲೆ ಅಜ್ಜಿ ಅಮ್ಮನ ಕಡೆ ತಿರುಗಿ ಗದರಿದಳು: "ನಿನ್ ಸರಾನ ಟ್ರಂಕಲ್ಲಿಟ್ಟು ಬೀಗ ಹಾಕು. ಈ ಹುಡುಗಿ ಕೈಗೆ ಸಿಕ್ಕೀತು."

ಅಮ್ಮನ ಸರಕ್ಕೆ ಬೀಗ ಹಾಕುವಷ್ಟು ಬೆಲೆಯಿದೆ ಎಂದು ಅಜ್ಜಿ ಒಪ್ಪಿದ್ದು ಅದೇ ಮೊದಲು.